ಉಲ್ಲೇಖಗಳ ಲೆಕ್ಕಪುಸ್ತಕ: ಒಬ್ಬ ಹವಾಮಾನ ವಿಜ್ಞಾನಿಯ ಕೆಲಸವನ್ನು ಅಳೆಯುವುದು ಹೇಗೆ?

ಕಳೆದ ವರ್ಷ ಪರಿಸರ ವಿಷಯದ ಪ್ರಾಜೆಕ್ಟ್‌ಗೆ ಒಬ್ಬ ವಿಜ್ಞಾನಿಯ ಬಗ್ಗೆ ಬರೆದು ತರಬೇಕಿತ್ತು. ನಾನು ವೀರಭದ್ರನ್ ರಾಮನಾಥನ್ ಅವರನ್ನು ಆರಿಸಿಕೊಂಡೆ. ನಮ್ಮ ದೇಶದವರು, ಬೆಂಗಳೂರಿನಲ್ಲಿ ಓದಿದವರು ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಅವರ ಹೆಸರಿನ ಜೊತೆ ಅಂತರಜಾಲದಲ್ಲಿ ಕಂಡ ದೊಡ್ಡ ದೊಡ್ಡ ಸಂಖ್ಯೆಗಳು: ಇಷ್ಟು ಪ್ರಬಂಧಗಳು, ಇಷ್ಟು ಉಲ್ಲೇಖಗಳು, ಎಚ್-ಇಂಡೆಕ್ಸ್ ಇಷ್ಟು. ಅವನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು, ಸ್ಕೆಚ್ ಪೆನ್ನಿನಲ್ಲಿ ಚೌಕ ಹಾಕಿ, "ಆದ್ದರಿಂದ ಇವರು ಶ್ರೇಷ್ಠ ವಿಜ್ಞಾನಿ" ಎಂದು ಮುಗಿಸಿದ್ದೆ.

ಉಪನ್ಯಾಸಕರು ಫೈಲನ್ನು ಪೂರ್ತಿ ತಿರುವಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಸರಿ, ಇಷ್ಟೊಂದು ಜನ ಉಲ್ಲೇಖಿಸಿದ್ದಾರೆ. ಯಾಕೆ ಉಲ್ಲೇಖಿಸಿದ್ದಾರೆ? ಇವರು ಕಂಡುಹಿಡಿದದ್ದು ಏನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಮರ್ಸ್ ಓದುವ ನನಗೆ ಆಮೇಲೆ ಹೊಳೆದದ್ದು ಇಷ್ಟು: ನಾನು ಬ್ಯಾಲೆನ್ಸ್ ಮಾತ್ರ ಬರೆದುಕೊಂಡು ಹೋಗಿದ್ದೆ, ಲೆಡ್ಜರ್ ತೆರೆದೇ ಇರಲಿಲ್ಲ. ಈ ಲೇಖನ ಆ ಲೆಡ್ಜರನ್ನು ತೆರೆಯುವ ಪ್ರಯತ್ನ.

ಉಲ್ಲೇಖ ಎಂದರೇನು?

ಒಬ್ಬ ವಿಜ್ಞಾನಿ ಹೊಸ ಪ್ರಬಂಧ ಬರೆಯುವಾಗ ತಾನು ಯಾರ ಕೆಲಸವನ್ನು ಬಳಸಿಕೊಂಡೆ, ಯಾರ ಮಾತನ್ನು ಒಪ್ಪಿದೆ, ಯಾರ ಮಾತನ್ನು ಒಪ್ಪಲಿಲ್ಲ ಎಂದು ಹೆಸರಿಸಿ ತಿಳಿಸಬೇಕು. ಹೀಗೆ ಹಳೆಯ ಪ್ರಬಂಧವೊಂದನ್ನು ಹೊಸದು ಹೆಸರಿಸಿದರೆ ಅದು ಒಂದು ಉಲ್ಲೇಖ.

ನಮ್ಮಲ್ಲಿ ಅನೇಕರಿಗೆ ಈ ಕ್ರಮ ಹೊಸದಲ್ಲ. ಹದೀಸ್ ಓದುವಾಗ ಮಾತಿಗಿಂತ ಮೊದಲು ಸನದ್ ಬರುತ್ತದೆ: ಇದನ್ನು ಇವರು ಅವರಿಂದ ಕೇಳಿದರು, ಅವರು ಮತ್ತೊಬ್ಬರಿಂದ ಕೇಳಿದರು ಎಂಬ ಸರಪಳಿ. ಮುಹದ್ದಿಸರು ಹೆಸರುಗಳನ್ನು ಎಣಿಸಿ ಸುಮ್ಮನಾಗಲಿಲ್ಲ. ಪ್ರತಿಯೊಬ್ಬ ವರದಿಗಾರ ಯಾರು, ಅವನ ನೆನಪಿನ ಶಕ್ತಿ ಹೇಗಿತ್ತು, ಯಾರಿಂದ ಕೇಳಿದೆ ಎನ್ನುತ್ತಾನೋ ಅವರನ್ನು ನಿಜವಾಗಿ ಭೇಟಿಯಾಗಿದ್ದನೇ ಎಂದೆಲ್ಲ ಪರಿಶೀಲಿಸಿದರು. ಅದಕ್ಕಾಗಿಯೇ ವರದಿಗಾರರ ಜೀವನಚರಿತ್ರೆಗಳ ದೊಡ್ಡ ಶಾಸ್ತ್ರವೊಂದು ಬೆಳೆಯಿತು. ವಿಜ್ಞಾನದ ಉಲ್ಲೇಖ ಮತ್ತು ಸನದ್ ಒಂದೇ ಅಲ್ಲ. ಆದರೆ ಎರಡರ ಹಿಂದಿರುವ ಪ್ರಶ್ನೆ ಒಂದೇ: ಈ ಮಾತು ಎಲ್ಲಿಂದ ಬಂತು, ಅದನ್ನು ಎಷ್ಟು ನಂಬಬಹುದು?

ಉಲ್ಲೇಖಗಳನ್ನು ಒಂದೆಡೆ ಸೇರಿಸಿ ಸೂಚಿ ಮಾಡುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಿದವರು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್. 1955ರಲ್ಲಿ ಇದರ ಯೋಜನೆಯನ್ನು ಪ್ರಕಟಿಸಿದ ಅವರು 1964ರಲ್ಲಿ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಹೊರತಂದರು. ಇದಕ್ಕೆ ಮಾದರಿಯಾಗಿದ್ದು ವಕೀಲರ ಪುಸ್ತಕವೊಂದು. ಅಮೆರಿಕದ ವಕೀಲರು 'ಶೆಪರ್ಡ್ಸ್ ಸೈಟೇಶನ್ಸ್' ಎಂಬ ಸೂಚಿಯನ್ನು ನೋಡಿ ಹಳೆಯ ತೀರ್ಪೊಂದನ್ನು ಮುಂದಿನ ನ್ಯಾಯಾಲಯಗಳು ಎತ್ತಿಹಿಡಿದವೇ, ರದ್ದು ಮಾಡಿದವೇ ಎಂದು ತಿಳಿದುಕೊಳ್ಳುತ್ತಿದ್ದರು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಎಚ್-ಇಂಡೆಕ್ಸ್: ಒಂದು ಸಣ್ಣ ಲೆಕ್ಕ

2005ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್‌ನ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಒಂದು ಹೊಸ ಅಳತೆಯನ್ನು ಸೂಚಿಸಿದರು. ರಾಮನಾಥನ್ ಅವರು 1990ರಲ್ಲಿ ಸೇರಿ ದೀರ್ಘಕಾಲ ಕೆಲಸ ಮಾಡಿದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯೂ ಇದೇ ವಿಶ್ವವಿದ್ಯಾಲಯಕ್ಕೆ ಸೇರಿದೆ. ಹಿರ್ಷ್ ಅವರ ಅಳತೆ ಹೀಗಿದೆ: ಒಬ್ಬರ ಪ್ರಬಂಧಗಳಲ್ಲಿ 20 ಪ್ರಬಂಧಗಳಿಗೆ ತಲಾ ಕನಿಷ್ಠ 20 ಉಲ್ಲೇಖ ಬಂದಿದ್ದು, 21 ಪ್ರಬಂಧಗಳಿಗೆ ತಲಾ 21 ಬಂದಿರದಿದ್ದರೆ ಅವರ ಎಚ್-ಇಂಡೆಕ್ಸ್ 20.

ಅರ್ಥವಾಗಲು ಇಬ್ಬರು ಕಾಲ್ಪನಿಕ ವಿಜ್ಞಾನಿಗಳನ್ನು ತೆಗೆದುಕೊಳ್ಳೋಣ. ಇಬ್ಬರೂ ತಲಾ 5 ಪ್ರಬಂಧ ಬರೆದಿದ್ದಾರೆ.

'ಅ' ಅವರಿಗೆ ಬಂದ ಉಲ್ಲೇಖ: 900, 3, 2, 1, 0. ಒಟ್ಟು 906.
'ಬ' ಅವರಿಗೆ ಬಂದ ಉಲ್ಲೇಖ: 6, 5, 5, 4, 1. ಒಟ್ಟು 21.

ಒಟ್ಟು ಮೊತ್ತ ನೋಡಿದರೆ 'ಅ' ಬಹಳ ಮುಂದೆ. ಎಚ್-ಇಂಡೆಕ್ಸ್ ನೋಡಿದರೆ 'ಅ' ಅವರದು 2, 'ಬ' ಅವರದು 4. ಯಾರು ದೊಡ್ಡ ವಿಜ್ಞಾನಿ? ಎರಡು ಸಂಖ್ಯೆಗಳು ಎರಡು ಉತ್ತರ ಕೊಡುತ್ತಿವೆ. ಒಂದೇ ಒಂದು ಪ್ರಬಂಧದಿಂದ ಜಗತ್ತಿನ ತಿಳುವಳಿಕೆಯನ್ನು ಬದಲಾಯಿಸಿದವರನ್ನು ಎಚ್-ಇಂಡೆಕ್ಸ್ ಗುರುತಿಸುವುದಿಲ್ಲ. ಸ್ಥಿರವಾಗಿ ಕೆಲಸ ಮಾಡಿದವರನ್ನು ಒಟ್ಟು ಮೊತ್ತ ಗುರುತಿಸುವುದಿಲ್ಲ.

ಇನ್ನೊಂದು ತೊಡಕಿದೆ. ಗೂಗಲ್ ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್ ಈ ಮೂರೂ ಒಬ್ಬರೇ ವಿಜ್ಞಾನಿಗೆ ಮೂರು ಬೇರೆ ಸಂಖ್ಯೆ ತೋರಿಸುತ್ತವೆ. ಗೂಗಲ್ ಸ್ಕಾಲರ್ ಪಿಎಚ್.ಡಿ. ಪ್ರಬಂಧ, ವರದಿಗಳಲ್ಲಿ ಬಂದ ಉಲ್ಲೇಖಗಳನ್ನೂ ಎಣಿಸುತ್ತದೆ. ಉಳಿದೆರಡು ತಾವು ಆಯ್ದುಕೊಂಡ ನಿಯತಕಾಲಿಕೆ, ಪುಸ್ತಕಗಳನ್ನು ಮಾತ್ರ ನೋಡುತ್ತವೆ. ಪ್ರಥಮ ಪಿಯುಸಿಯಲ್ಲಿ ನಾವು ಬ್ಯಾಂಕ್ ರೀಕನ್ಸಿಲಿಯೇಶನ್ ಸ್ಟೇಟ್‌ಮೆಂಟ್ ಮಾಡುತ್ತೇವಲ್ಲ, ಹಾಗೆ. ಕ್ಯಾಶ್ ಬುಕ್ ಮತ್ತು ಪಾಸ್ ಬುಕ್ ಹೊಂದದಿದ್ದರೆ ಯಾರೋ ಮೋಸ ಮಾಡಿದ್ದಾರೆ ಎಂದಲ್ಲ. ಯಾವುದರಲ್ಲಿ ಯಾವ ನಮೂದು ಸೇರಿದೆ ಎಂದು ನೋಡಬೇಕು.

ಈಗ ಖಾತೆ ತೆರೆಯೋಣ

ರಾಮನಾಥನ್ 1944ರಲ್ಲಿ ಜನಿಸಿದರು. ಮನೆಮಾತು ತಮಿಳು. 11ನೇ ವಯಸ್ಸಿನಲ್ಲಿ ಕುಟುಂಬದೊಂದಿಗೆ ಬೆಂಗಳೂರಿಗೆ ಬಂದಾಗ ಶಾಲೆಯ ಪಾಠವೆಲ್ಲ ಇಂಗ್ಲಿಷಿನಲ್ಲಿತ್ತು. ಶಿಕ್ಷಕರ ಮಾತು ಅರ್ಥವಾಗದೆ, ಕೇಳುವ ಅಭ್ಯಾಸವೇ ತಪ್ಪಿಹೋಗಿ, ಎಲ್ಲವನ್ನೂ ತಾವೇ ಯೋಚಿಸಿ ತಿಳಿದುಕೊಳ್ಳಬೇಕಾಯಿತು ಎಂದು ಅವರು ಹೇಳಿಕೊಂಡಿದ್ದಾರೆ. ಮನೆಯಲ್ಲಿ ಒಂದು ಭಾಷೆ, ತರಗತಿಯಲ್ಲಿ ಇನ್ನೊಂದು ಭಾಷೆ ಇರುವ ನಮ್ಮಂಥವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿದ ಮೇಲೆ ಸಿಕಂದರಾಬಾದಿನಲ್ಲಿ ಫ್ರಿಜ್ ತಯಾರಿಸುವ ಕಂಪನಿಯಲ್ಲಿ ಕೆಲಸ ಮಾಡಿದರು. ಫ್ರಿಜ್‌ನೊಳಗಿನ ತಂಪುಕಾರಕ ಅನಿಲ ಸೋರುವುದು ಯಾಕೆ ಎಂದು ನೋಡುವುದು ಅವರ ಕೆಲಸವಾಗಿತ್ತು. ಆ ಕೆಲಸ ಅವರಿಗೆ ಹಿಡಿಸಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿ ಸ್ನಾತಕೋತ್ತರ ಪದವಿ ಪಡೆದು, 1970ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಅವರ ಮಾರ್ಗದರ್ಶಕ ರಾಬರ್ಟ್ ಸೆಸ್ ತಮ್ಮ ಸಂಶೋಧನೆಯ ವಿಷಯವನ್ನು ಗ್ರಹಗಳ ವಾತಾವರಣಕ್ಕೆ ಬದಲಾಯಿಸಿದ್ದರಿಂದ ರಾಮನಾಥನ್ ಕೂಡ ಅದೇ ದಾರಿಗೆ ಬಂದರು.

1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಫ್ರಿಜ್ ಮತ್ತು ಸ್ಪ್ರೇ ಡಬ್ಬಿಗಳಲ್ಲಿ ಬಳಸುವ ಸಿಎಫ್‌ಸಿ ಅನಿಲಗಳು ಓಝೋನ್ ಪದರವನ್ನು ಹಾಳು ಮಾಡುತ್ತವೆ ಎಂದು ತೋರಿಸಿದರು. ರಾಮನಾಥನ್ ಬೇರೊಂದು ಪ್ರಶ್ನೆ ಹಾಕಿಕೊಂಡರು: ಈ ಅನಿಲ ಶಾಖವನ್ನೂ ಹಿಡಿದಿಡುತ್ತದೆಯೇ? ಲೆಕ್ಕ ಹಾಕಿದಾಗ ಬಂದ ಉತ್ತರ ದೊಡ್ಡದಾಗಿತ್ತು. ಒಂದು ಸಿಎಫ್‌ಸಿ ಅಣು ಇಂಗಾಲದ ಡೈಆಕ್ಸೈಡ್‌ನ 10,000ಕ್ಕೂ ಹೆಚ್ಚು ಅಣುಗಳಷ್ಟು ಶಾಖ ಹಿಡಿಯಬಲ್ಲದು. ಗಾಳಿಯ 100 ಕೋಟಿ ಅಣುಗಳಲ್ಲಿ ಈ ಅನಿಲದ ಅಣುಗಳು ಕೇವಲ 2 ಇದ್ದರೂ ಭೂಮಿಯ ಉಷ್ಣತೆ ಗಮನಾರ್ಹವಾಗಿ ಏರಬಹುದು. 1975ರ ಅಕ್ಟೋಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಕೇವಲ 3 ಪುಟ, ಒಬ್ಬರೇ ಲೇಖಕರು. ಸಿಕಂದರಾಬಾದಿನಲ್ಲಿ ಸೋರುತ್ತಿದ್ದ ಅನಿಲ ಎಲ್ಲಿಗೆ ಹೋಗಿ ಏನು ಮಾಡುತ್ತದೆ ಎಂಬುದಕ್ಕೆ ಇದೇ ಉತ್ತರ.

ಆ ಮೇಲೆ ಖಾತೆಯಲ್ಲಿ ಸೇರಿದ ಮುಖ್ಯ ನಮೂದುಗಳು ಇವು:

1980: ರೋಲೆಂಡ್ ಮ್ಯಾಡನ್ ಜೊತೆ ಬರೆದ ಪ್ರಬಂಧ. ಇಂಗಾಲದ ಡೈಆಕ್ಸೈಡ್‌ನಿಂದಾಗುವ ತಾಪಮಾನ ಏರಿಕೆ 2000ನೇ ಇಸವಿಯ ಹೊತ್ತಿಗೆ ಸಹಜ ಏರಿಳಿತದಿಂದ ಬೇರೆಯಾಗಿ ಕಾಣಿಸಬೇಕು ಎಂಬ ಮುನ್ಸೂಚನೆ. 2001ರಲ್ಲಿ ವಿಶ್ವಸಂಸ್ಥೆಯ ಐಪಿಸಿಸಿ ವರದಿ, ಹಿಂದಿನ 50 ವರ್ಷಗಳ ಬಹುಪಾಲು ಏರಿಕೆಗೆ ಹಸಿರುಮನೆ ಅನಿಲಗಳೇ ಕಾರಣವಾಗಿರುವ ಸಾಧ್ಯತೆ ಹೆಚ್ಚು ಎಂದಿತು.

1985: ಮೂವರು ಸಹಲೇಖಕರೊಂದಿಗೆ ಬರೆದ ಪ್ರಬಂಧ. ಸಿಎಫ್‌ಸಿ, ಮೀಥೇನ್ ಮೊದಲಾದ ಅಲ್ಪ ಪ್ರಮಾಣದ ಅನಿಲಗಳೆಲ್ಲ ಸೇರಿದರೆ ಅವುಗಳ ಪರಿಣಾಮ ಇಂಗಾಲದ ಡೈಆಕ್ಸೈಡ್‌ನಷ್ಟೇ ಆಗಬಹುದು ಎಂದು ತೋರಿಸಿತು.

1999: ಪಾಲ್ ಕ್ರುಟ್ಜೆನ್ ಜೊತೆ ಮುನ್ನಡೆಸಿದ ಹಿಂದೂ ಮಹಾಸಾಗರದ ದೊಡ್ಡ ಪ್ರಯೋಗ. ದಕ್ಷಿಣ ಏಷ್ಯಾದಿಂದ ಹೊರಟ ಹೊಗೆ ಮತ್ತು ಮಸಿಯ ಕಂದು ಮೋಡ ಸಮುದ್ರದ ಮೇಲೂ ಹರಡಿಕೊಂಡಿರುವುದನ್ನು ಇದು ಅಳೆದು ತೋರಿಸಿತು.

2006: ಅರ್ಥಶಾಸ್ತ್ರಜ್ಞರ ಜೊತೆ ಸೇರಿ ಬರೆದ ಪ್ರಬಂಧ. ಈ ಕಂದು ಮೋಡ ಮತ್ತು ಹಸಿರುಮನೆ ಅನಿಲಗಳು ಭಾರತದ ಭತ್ತದ ಇಳುವರಿಯನ್ನು ತಗ್ಗಿಸಿವೆ ಎಂಬುದು ಅದರ ತೀರ್ಮಾನ. ಹವಾಮಾನ ಸೈನ್ಸ್‌ನವರಿಗೆ ಮಾತ್ರ ಎಂದುಕೊಂಡಿರುವ ಕಾಮರ್ಸ್ ಗೆಳೆಯರು ಇದನ್ನು ಗಮನಿಸಬೇಕು.

2008: ಗ್ರೆಗರಿ ಕಾರ್ಮೈಕಲ್ ಜೊತೆ ಬರೆದ, ಕಪ್ಪು ಇಂಗಾಲ ಅಂದರೆ ಮಸಿಯ ಕುರಿತ ಪ್ರಬಂಧ. ಸಾವಿರಾರು ಬಾರಿ ಉಲ್ಲೇಖಗೊಂಡಿದೆ.

ಲೆಕ್ಕದಲ್ಲಿರುವ ಮೂರು ಕೊರತೆಗಳು

ಈ ಖಾತೆಯನ್ನು ನಮ್ಮ ಅಕೌಂಟೆನ್ಸಿ ಕಣ್ಣಿನಿಂದ ನೋಡಿದರೆ ಮೂರು ವಿಷಯ ಎದ್ದು ಕಾಣುತ್ತವೆ.

ಮೊದಲನೆಯದು, ಪಾಲು ಹಂಚಿಕೆ ಇಲ್ಲ. 1985ರ ಪ್ರಬಂಧಕ್ಕೆ ನಾಲ್ವರು ಲೇಖಕರು. ಪಾಲುದಾರಿಕೆ ಸಂಸ್ಥೆಯಲ್ಲಿ 1,00,000 ರೂಪಾಯಿ ಲಾಭ ಬಂದರೆ ನಾಲ್ವರಿಗೆ ಒಪ್ಪಂದದ ಅನುಪಾತದಲ್ಲಿ ಹಂಚುತ್ತೇವೆ. ಉಲ್ಲೇಖದ ಲೆಕ್ಕದಲ್ಲಿ ಹಾಗಲ್ಲ. 100 ಉಲ್ಲೇಖ ಬಂದರೆ ನಾಲ್ವರ ಖಾತೆಗೂ ತಲಾ 100 ಪೂರ್ತಿಯಾಗಿ ಜಮಾ ಆಗುತ್ತದೆ. ಒಬ್ಬರೇ ಬರೆದ 1975ರ ಪ್ರಬಂಧಕ್ಕೆ ಬಂದ ಒಂದು ಉಲ್ಲೇಖಕ್ಕೂ, ನೂರು ಜನ ಸೇರಿ ಬರೆದ ಪ್ರಬಂಧಕ್ಕೆ ಬಂದ ಒಂದು ಉಲ್ಲೇಖಕ್ಕೂ ಸಾಮಾನ್ಯ ಎಣಿಕೆಯಲ್ಲಿ ವ್ಯತ್ಯಾಸವಿಲ್ಲ.

ಎರಡನೆಯದು, ಸ್ವಂತ ಅಂಗಡಿಗೆ ಮಾಡಿದ ಮಾರಾಟ. ವಿಜ್ಞಾನಿ ತನ್ನ ಹಳೆಯ ಪ್ರಬಂಧವನ್ನು ತಾನೇ ಉಲ್ಲೇಖಿಸಬಹುದು. ಹಿಂದಿನ ಕೆಲಸದ ಮುಂದುವರಿಕೆಯಾದರೆ ಅದು ನ್ಯಾಯವೇ. ಆದರೆ ಸಂಖ್ಯೆ ಹೆಚ್ಚಿಸಲೆಂದೇ ಹಾಗೆ ಮಾಡಿದರೆ, ಒಂದು ಶಾಖೆಯಿಂದ ಇನ್ನೊಂದು ಶಾಖೆಗೆ ಸರಕು ಕಳಿಸಿ ಮಾರಾಟ ಎಂದು ತೋರಿಸಿದಂತೆ. ಆದ್ದರಿಂದಲೇ ಕೆಲವು ಕೋಶಗಳು ಸ್ವಂತ ಉಲ್ಲೇಖಗಳನ್ನು ಕಳೆದು ನೋಡುವ ಅವಕಾಶ ಕೊಡುತ್ತವೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಇದು ಸಿಂಗಲ್ ಎಂಟ್ರಿ ಲೆಕ್ಕ. ಕ್ರೆಡಿಟ್ ಇದೆ, ಡೆಬಿಟ್ ಇಲ್ಲ. ಮೆಚ್ಚಿ ಉಲ್ಲೇಖಿಸಿದರೂ 1, ತಪ್ಪು ಎಂದು ಉಲ್ಲೇಖಿಸಿದರೂ 1.

ಇದಕ್ಕೆ ಉದಾಹರಣೆ ಅದೇ 2008ರ ಪ್ರಬಂಧದಲ್ಲಿದೆ. ವಾತಾವರಣದ ಕಪ್ಪು ಇಂಗಾಲ ಭೂಮಿಯ ಪ್ರತಿ ಚದರ ಮೀಟರ್‌ಗೆ ಸುಮಾರು 0.9 ವ್ಯಾಟ್ ಶಾಖವನ್ನು ಹೆಚ್ಚಿಸುತ್ತದೆ, ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಇದೇ ಅತಿ ದೊಡ್ಡ ಕಾರಣ ಎಂದು ಅದು ಅಂದಾಜಿಸಿತ್ತು. ಅದರ ನಂತರ ಅನೇಕರು ಮತ್ತೆ ಮತ್ತೆ ಅಳೆದರು. ಮಸಿ ಮೋಡಗಳ ಮೇಲೆ ಮಾಡುವ ಪರಿಣಾಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಹೊಸ ವಿಧಾನಗಳು ಬಂದವು. 2021ರ ಐಪಿಸಿಸಿ ವರದಿಯಲ್ಲಿ ಕಪ್ಪು ಇಂಗಾಲದ ಅಂದಾಜು ಸುಮಾರು 0.1 ವ್ಯಾಟ್‌ಗೆ ಇಳಿದಿದೆ. ಎರಡೂ ಅಂದಾಜುಗಳ ವಿಧಾನ ಒಂದೇ ಅಲ್ಲ, ನಿಜ. ಆದರೂ ಮೊದಲಿನ ಸಂಖ್ಯೆಗೆ ದೊಡ್ಡ ತಿದ್ದುಪಡಿಯಾಗಿದೆ ಎಂಬುದು ಸ್ಪಷ್ಟ. ಅಂದಾಜು ಇಳಿಯಿತು, ಉಲ್ಲೇಖಗಳ ಸಂಖ್ಯೆ ಇಳಿಯಲಿಲ್ಲ. ಅದು ಇಳಿಯುವುದೇ ಇಲ್ಲ.

ಹಾಗಾದರೆ ಆ ಪ್ರಬಂಧ ವ್ಯರ್ಥವೇ? ಖಂಡಿತ ಅಲ್ಲ. ಮಸಿಯನ್ನು ಗಂಭೀರವಾಗಿ ಅಳೆಯಬೇಕು ಎಂದು ಅನೇಕರನ್ನು ಹಚ್ಚಿದ ಪ್ರಬಂಧಗಳಲ್ಲಿ ಅದೂ ಒಂದು. ಸೌದೆ ಒಲೆಯ ಹೊಗೆ ಅಡುಗೆಮನೆಯಲ್ಲಿರುವ ಹೆಂಗಸರ, ಮಕ್ಕಳ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ ಎಂಬ ವಿಷಯದಲ್ಲಿ ಯಾವ ತಿದ್ದುಪಡಿಯೂ ಆಗಿಲ್ಲ. ವಿಜ್ಞಾನದಲ್ಲಿ ತಿದ್ದುಪಡಿ ಅವಮಾನವಲ್ಲ, ಅದು ಆಡಿಟ್. ಆದರೆ ಆಡಿಟ್ ಆಗಿದೆ ಎಂಬುದು ಸಂಖ್ಯೆಯಲ್ಲಿ ಕಾಣಿಸುವುದಿಲ್ಲ. ವಕೀಲರ ಆ ಹಳೆಯ ಸೂಚಿಯಲ್ಲಿ "ಎತ್ತಿಹಿಡಿಯಲಾಗಿದೆ", "ರದ್ದಾಗಿದೆ" ಎಂಬ ಗುರುತು ಇರುತ್ತಿತ್ತು. ಉಲ್ಲೇಖವನ್ನು ಬರೀ ಅಂಕಿಯನ್ನಾಗಿ ಮಾಡಿದಾಗ ಆ ಗುರುತು ಕಳೆದುಹೋಯಿತು.

ಲೆಕ್ಕಕ್ಕೆ ಸಿಗದ ಪರಿಣಾಮ

ಇನ್ನೊಂದು ಕಡೆ, ಉಲ್ಲೇಖದ ಪುಸ್ತಕದಲ್ಲಿ ಎಂದೂ ಸೇರದ ದೊಡ್ಡ ಆಸ್ತಿಗಳೂ ಇವೆ.

1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಸಿಎಫ್‌ಸಿಗಳ ಬಳಕೆ ಹಂತಹಂತವಾಗಿ ನಿಂತಿತು. ಒಪ್ಪಂದದ ಗುರಿ ಓಝೋನ್ ಪದರದ ರಕ್ಷಣೆ. ಆದರೆ ಸಿಎಫ್‌ಸಿ ಪ್ರಬಲ ಹಸಿರುಮನೆ ಅನಿಲವೂ ಆದ್ದರಿಂದ ಭೂಮಿ ಬಿಸಿಯಾಗುವುದೂ ದೊಡ್ಡ ಪ್ರಮಾಣದಲ್ಲಿ ತಪ್ಪಿತು. ಸಿಎಫ್‌ಸಿ ಬದಲಿಗೆ ಬಂದ ಎಚ್‌ಎಫ್‌ಸಿ ಅನಿಲಗಳೂ ಶಾಖ ಹಿಡಿಯುತ್ತವೆ ಎಂಬ ಕಾರಣಕ್ಕೆ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಒಪ್ಪಂದಕ್ಕೆ ತಿದ್ದುಪಡಿ ತಂದರು. ಇದರಿಂದ ಈ ಶತಮಾನದ ಕೊನೆಗೆ 0.5 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಕೆ ತಪ್ಪಬಹುದು ಎಂದು ಅಂದಾಜು ಮಾಡಲಾಗಿತ್ತು. ಈ ಒಪ್ಪಂದಗಳು ಒಬ್ಬರೇ ವಿಜ್ಞಾನಿಯ ಸಾಧನೆಯಲ್ಲ. ಆದರೆ ಫ್ರಿಜ್‌ನ ಅನಿಲಕ್ಕೂ ಭೂಮಿಯ ಜ್ವರಕ್ಕೂ ಇರುವ ನಂಟನ್ನು ತೋರಿಸಿದ್ದು 1975ರ ಆ 3 ಪುಟಗಳು.

2014ರ ಮೇ ತಿಂಗಳಲ್ಲಿ ವ್ಯಾಟಿಕನ್‌ನಲ್ಲಿ ನಡೆದ ವಿಜ್ಞಾನಿಗಳ ಸಭೆಯ ನಂತರ ರಾಮನಾಥನ್ ಅವರಿಗೆ ಪೋಪ್ ಫ್ರಾನ್ಸಿಸ್ ಜೊತೆ ಮಾತಾಡಲು ಸಿಕ್ಕಿದ್ದು ಕೆಲವೇ ಕ್ಷಣ, ಅದೂ ವಾಹನ ನಿಲ್ಲಿಸುವ ಜಾಗದಲ್ಲಿ. ಮಾಲಿನ್ಯ ಹೆಚ್ಚಾಗಿ ಶ್ರೀಮಂತರಿಂದ ಆಗುತ್ತಿದೆ, ಅದರ ನೋವನ್ನು ಜಗತ್ತಿನ 300 ಕೋಟಿ ಬಡವರು ಉಣ್ಣಬೇಕಾಗಿದೆ ಎಂಬುದು ಅವರು ಹೇಳಿದ ಮಾತಿನ ಸಾರ. ಮರುವರ್ಷ ಪೋಪ್ ಪರಿಸರದ ಕುರಿತ ತಮ್ಮ ಪ್ರಸಿದ್ಧ ಪತ್ರವನ್ನು ಹೊರಡಿಸಿದರು. ಅದೇ 2015ರ ಆಗಸ್ಟ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ ಮುಸ್ಲಿಂ ವಿದ್ವಾಂಸರು ಮತ್ತು ಪರಿಸರ ಕಾರ್ಯಕರ್ತರು ಹವಾಮಾನ ಬದಲಾವಣೆಯ ಕುರಿತು ಇಸ್ಲಾಮಿಕ್ ಘೋಷಣೆ ಹೊರಡಿಸಿದರು. ವಿಜ್ಞಾನಿಗಳ ಮಾತು ಧರ್ಮಗಳ ಅಂಗಳವನ್ನೂ ತಲುಪಿದ ವರ್ಷ ಅದು. ಪಾರ್ಕಿಂಗ್ ಜಾಗದ ಒಂದು ಮಾತುಕತೆಗೆ ಉಲ್ಲೇಖ ಸೂಚಿಯಲ್ಲಿ ಸಿಗುವ ಅಂಕ ಸೊನ್ನೆ.

ನಮಗೇನು ಪಾಠ?

ಇದನ್ನೆಲ್ಲ ಓದಿ ಸಂಖ್ಯೆಗಳೇ ಸುಳ್ಳು ಎಂದುಕೊಳ್ಳಬಾರದು. ಸಾವಿರಾರು ಬಾರಿ ಬಳಕೆಯಾದ ಪ್ರಬಂಧದಲ್ಲಿ ಏನೋ ಇದೆ ಎಂದು ಸಂಖ್ಯೆ ಹೇಳುತ್ತದೆ. ಏನಿದೆ ಎಂದು ಹೇಳುವುದಿಲ್ಲ. ಅದು ಬಾಗಿಲು ತೋರಿಸುತ್ತದೆ, ಒಳಗೆ ಹೋಗುವುದು ನಮ್ಮ ಕೆಲಸ.

ವಾಟ್ಸಾಪ್‌ನಲ್ಲಿ "ಜಗತ್ಪ್ರಸಿದ್ಧ ವಿಜ್ಞಾನಿಯೇ ಹೇಳಿದ್ದಾರೆ, ಹವಾಮಾನ ಬದಲಾವಣೆ ಸುಳ್ಳು" ಎಂಬ ಸಂದೇಶ ಬಂದರೂ, "ಇನ್ನು 10 ವರ್ಷದಲ್ಲಿ ಎಲ್ಲ ಮುಗಿಯಿತು" ಎಂಬ ಸಂದೇಶ ಬಂದರೂ ನಾವು ಕೇಳಬೇಕಾದ ಪ್ರಶ್ನೆಗಳು ಇವು:

1. ಇವರು ಕಂಡುಹಿಡಿದದ್ದು ಏನು? ಒಂದು ವಾಕ್ಯದಲ್ಲಿ ಹೇಳಲು ಬರುತ್ತದೆಯೇ?
2. ಒಬ್ಬರೇ ಮಾಡಿದರೇ, ಜೊತೆಗೆ ಯಾರಿದ್ದರು?
3. ಬೇರೆಯವರು ಸ್ವತಂತ್ರವಾಗಿ ಪರೀಕ್ಷಿಸಿದರೇ? ಅವರಿಗೂ ಅದೇ ಉತ್ತರ ಬಂತೇ?
4. ಆಮೇಲೆ ತಿದ್ದುಪಡಿ ಆಗಿದೆಯೇ?
5. ಪ್ರಬಂಧದ ಹೊರಗೆ, ಜನರ ಬದುಕಿನಲ್ಲಿ ಅದರಿಂದ ಏನಾದರೂ ಬದಲಾಯಿತೇ?

ನಮ್ಮ ಅಂಕಪಟ್ಟಿಗೂ ಈ ಮಾತು ಸಲ್ಲುತ್ತದೆ. ಪರೀಕ್ಷೆಯ ಅಂಕಕ್ಕೆ ಬೆಲೆ ಇದೆ. ಆದರೆ ಅಕೌಂಟೆನ್ಸಿಯಲ್ಲಿ 100ಕ್ಕೆ 95 ಬಂದವರಿಗೆ ಮನೆಯ ಕಿರಾಣಿ ಅಂಗಡಿಯ ಲೆಕ್ಕ ಬರೆಯಲು ಬಾರದಿದ್ದರೆ, ಆ 95 ಏನನ್ನು ಅಳೆಯಿತು ಎಂದು ಕೇಳಲೇಬೇಕು. ಇಂಗ್ಲಿಷ್ ಅರ್ಥವಾಗದೆ ತರಗತಿಯಲ್ಲಿ ಹಿಂದೆ ಬಿದ್ದಿದ್ದ 11 ವರ್ಷದ ಹುಡುಗನನ್ನು ಅಂದಿನ ಅಂಕಗಳಿಂದ ಮಾತ್ರ ಅಳೆದಿದ್ದರೆ, ಅವನ ಬಗ್ಗೆ ಇಂದು ಈ ಲೇಖನ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ಉಪನ್ಯಾಸಕರ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ಸರ್, ರಾಮನಾಥನ್ ಅವರು ಕಂಡುಹಿಡಿದದ್ದು ಇದು: ಭೂಮಿಯನ್ನು ಬಿಸಿ ಮಾಡುತ್ತಿರುವುದು ಇಂಗಾಲದ ಡೈಆಕ್ಸೈಡ್ ಒಂದೇ ಅಲ್ಲ, ನಮ್ಮ ಮನೆಯ ಫ್ರಿಜ್‌ನಿಂದ ಸೋರುವ, ಕಣ್ಣಿಗೆ ಕಾಣದಷ್ಟು ಸ್ವಲ್ಪ ಅನಿಲಕ್ಕೂ ಆ ಲೆಕ್ಕದಲ್ಲಿ ದೊಡ್ಡ ಪಾಲಿದೆ. ಅದಕ್ಕಾಗಿ ಇಷ್ಟು ಜನ ಅವರನ್ನು ಉಲ್ಲೇಖಿಸಿದ್ದಾರೆ.